ವನವಾಸದಲ್ಲಿ ಬಂದ ಹೂವು

ಮಹಾಭಾರತದ ವನಪರ್ವವನ್ನು ಓದುವಾಗ ನಾವು ಸಾಮಾನ್ಯವಾಗಿ ಕಷ್ಟಗಳನ್ನೇ ಎಣಿಸುತ್ತ ಹೋಗುತ್ತೇವೆ. ರಾಜ್ಯ ಹೋಯಿತು, ತುಂಬಿದ ಸಭೆಯಲ್ಲಿ ಆಗಬಾರದ ಅವಮಾನವಾಯಿತು, ಹನ್ನೆರಡು ವರ್ಷಗಳ ಅರಣ್ಯವಾಸ, ಅದರ ಮೇಲೊಂದು ವರ್ಷದ ಅಜ್ಞಾತವಾಸ. ನಡುವೆ ಅರ್ಜುನನೂ ಅಸ್ತ್ರಸಂಪಾದನೆಗೆಂದು ಹೊರಟುಹೋಗಿ ಐದು ವರ್ಷ ಕಣ್ಣಿಗೆ ಬೀಳಲಿಲ್ಲ. ಆದರೆ ಅದೇ ಪರ್ವದಲ್ಲಿ, ಆ ಕಷ್ಟಗಳ ಸಂದಿಯಲ್ಲಿಯೇ, ಒಂದು ಹೂವಿನ ಪ್ರಸಂಗವಿದೆ. ಹರಿಕಥೆಗಳಲ್ಲಿ ಅದನ್ನು ಭೀಮ-ಹನುಮರ ಭೇಟಿಯ ಸಲುವಾಗಿ ಹೇಳುವುದುಂಟು. ನಾವು ಈ ಸಲ ಹೂವಿನ ಸಲುವಾಗಿಯೇ ಅದನ್ನು ನೋಡಬೇಕೆಂದಿದ್ದೇವೆ.

ಲೋಮಶಮಹರ್ಷಿಗಳೊಡನೆ ತೀರ್ಥಯಾತ್ರೆ ಮಾಡುತ್ತ ಪಾಂಡವರು ಗಂಧಮಾದನಪರ್ವತವನ್ನು ಏರಿದರು. ದಾರಿಯಲ್ಲಿ ಬಿರುಗಾಳಿ, ಮಳೆ. ದ್ರೌಪದೀದೇವಿಯು ದಣಿದು ಕುಸಿದಳು. ಘಟೋತ್ಕಚನು ಬಂದು ಆಕೆಯನ್ನು ಹೊತ್ತುಕೊಂಡ. ಅವನ ಜೊತೆಯ ರಾಕ್ಷಸರು ಉಳಿದವರನ್ನು ಹೊತ್ತರು. ಬದರಿಯ ನರನಾರಾಯಣಾಶ್ರಮವನ್ನು ಸೇರಿ, ಅರ್ಜುನನು ಇಂದು ಬಂದಾನು, ನಾಳೆ ಬಂದಾನು ಎಂದು ಅವರು ಆರು ರಾತ್ರಿಗಳನ್ನು ಕಳೆದಿದ್ದರು. ಆಗ ಈಶಾನ್ಯದ ಕಡೆಯಿಂದ ಬೀಸಿದ ಗಾಳಿಯು ಸಾವಿರ ದಳಗಳ ಒಂದು ಸೌಗಂಧಿಕಪುಷ್ಪವನ್ನು ತಂದು ದ್ರೌಪದಿಯ ಮುಂದೆ ಹಾಕಿತು. ಆಕೆ ಅದನ್ನು ಕಂಡು ಹಿಗ್ಗಿದಳು. ಇದನ್ನು ಧರ್ಮರಾಜನಿಗೆ ಕೊಡುತ್ತೇನೆ, ಇಂಥವೇ ಇನ್ನಷ್ಟನ್ನು ತಂದುಕೊಡು, ಕಾಮ್ಯಕವನದ ನಮ್ಮ ಆಶ್ರಮಕ್ಕೆ ಒಯ್ಯೋಣ ಎಂದು ಭೀಮಸೇನನಲ್ಲಿ ಕೇಳಿದಳು.

ಈ ಮಾತಿನಲ್ಲಿರುವ ಎರಡು ಸಂಗತಿಗಳನ್ನು ಓದುಗರು ಗಮನಿಸಬೇಕು. ಕೈಗೆ ಬಂದ ಮೊದಲ ಹೂವನ್ನು ಆಕೆ ತನಗೆಂದು ಇಟ್ಟುಕೊಳ್ಳಲಿಲ್ಲ. ಎರಡನೆಯದಾಗಿ, ಹೊಸ ಹೂಗಳನ್ನು ಒಯ್ಯಬೇಕೆಂದು ಆಕೆ ಬಯಸಿದ್ದು ಇಂದ್ರಪ್ರಸ್ಥದ ಅರಮನೆಗಲ್ಲ. ಕಾಮ್ಯಕವೆಂದರೆ ಕಾಡು, ಎಲೆಮನೆಗಳ ತಾಣ. ಇರುವ ಸ್ಥಳವನ್ನೇ ಮನೆಯೆಂದು ತಿಳಿದು, ಹಿಂದಿರುಗಿ ಹೋದಾಗ ಅಲ್ಲಿ ಏನಿರಬೇಕೆಂದು ಆಕೆ ಯೋಚಿಸುತ್ತಿದ್ದಾಳೆ. ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ಹೋಗುತ್ತ, ಹೋದಲ್ಲೆಲ್ಲ ಮೊದಲು ತುಲಸಿಯ ಕುಂಡಕ್ಕೆ ಜಾಗ ಹುಡುಕುವ ನಮ್ಮ ನಗರವಾಸಿ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೂವಿಗಾಗಿ ಹೊರಟ ಭೀಮಸೇನನು ಬಾಳೆಯ ವನದಲ್ಲಿ ಹನುಮಂತನನ್ನು ಕಂಡದ್ದು, ಬಾಲವನ್ನೆತ್ತುವ ಪ್ರಸಂಗ, ಸಮುದ್ರವನ್ನು ಹಾರಿದಾಗಿನ ರೂಪವನ್ನು ಹನುಮಂತನು ತೋರಿಸಿದ್ದು, ಅರ್ಜುನನ ಧ್ವಜದಲ್ಲಿರುವೆನೆಂದು ಮಾತು ಕೊಟ್ಟದ್ದು, ಇವೆಲ್ಲ ಎಲ್ಲರಿಗೂ ತಿಳಿದಿವೆ. ಇಬ್ಬರೂ ಮುಖ್ಯಪ್ರಾಣನ ಅವತಾರಗಳೇ ಆದುದರಿಂದ ಅಲ್ಲಿ ಸೋಲು-ಗೆಲವಿನ ಮಾತಿಲ್ಲವೆಂಬುದು ನಮ್ಮ ಸಿದ್ಧಾಂತ. ಮುಂದೆ ಕುಬೇರನ ಸರೋವರದಲ್ಲಿ ಕಾವಲಿದ್ದ ಕ್ರೋಧವಶರೆಂಬ ರಾಕ್ಷಸರೊಡನೆ ಕಾದಾಡಿ ಅವನು ಹೂಗಳನ್ನು ಪಡೆದ. ಉತ್ಪಾತಗಳನ್ನು ಕಂಡು ಗಾಬರಿಯಿಂದ ಹುಡುಕಿಕೊಂಡು ಬಂದ ಧರ್ಮರಾಜನು, ಇಂಥ ಸಾಹಸವನ್ನು ಮತ್ತೆ ಮಾಡಬೇಡವೆಂದು ತಮ್ಮನನ್ನು ಗದರಿಸಿದ. ಆದರೆ ಗದರಿಸಿ, ಎಲ್ಲರನ್ನೂ ಎಬ್ಬಿಸಿಕೊಂಡು ಹಿಂದಿರುಗಲಿಲ್ಲ! ಅವರು ಆ ತಪ್ಪಲಿನಲ್ಲಿಯೇ ಕೆಲವು ಕಾಲ ನಿಂತರು. ಹೇಗೆ ನಿಂತರೆಂಬುದನ್ನು ವೇದವ್ಯಾಸದೇವರು ಎರಡು ಪದಗಳಲ್ಲಿ ಹೇಳಿದ್ದಾರೆ: ರಮಿಸುತ್ತ, ಅರ್ಜುನನನ್ನು ಎದುರುನೋಡುತ್ತ. ಇರುವ ಸರೋವರದಲ್ಲಿ ಸಂತೋಷ, ಬರಬೇಕಾದವನ ನಿರೀಕ್ಷೆ. ನಮ್ಮ ಪಾಠವು ಈ ಎರಡು ಪದಗಳ ಮೇಲೆಯೇ ನಿಂತಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ನಾವು ಕೇಳಿಯೂ ಇದ್ದೇವೆ. ಕಷ್ಟಕಾಲದಲ್ಲಿ ಚಿಕ್ಕ ಚಿಕ್ಕ ಸುಖಗಳನ್ನು ಹುಡುಕುವುದು ವೈರಾಗ್ಯಕ್ಕೆ ವಿರೋಧವಲ್ಲವೇ? ದುಃಖವನ್ನು ಮರೆತಂತಾಗುವುದಿಲ್ಲವೇ?

ಮೊದಲನೆಯದಕ್ಕೆ ಉತ್ತರವು ಕಷ್ಟವಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ದುಃಖವನ್ನು ಕಳೆಯುವ ಯೋಗವನ್ನು ಹೇಳುವಾಗ ಭಗವಂತನು ಆಹಾರದೊಡನೆ ವಿಹಾರವನ್ನೂ ಸೇರಿಸಿದ್ದಾನೆ. ಎರಡೂ ಮಿತವಾಗಿರಬೇಕೆಂದನೇ ಹೊರತು ವಿಹಾರವೇ ಬೇಡವೆನ್ನಲಿಲ್ಲ. ನೈವೇದ್ಯಕಾಲದಲ್ಲಿ ನಾವು ಹಾಡುವ ದ್ವಾದಶಸ್ತೋತ್ರದ ಮೂರನೆಯ ಸ್ತೋತ್ರವನ್ನು ನೆನೆಯಿರಿ. ಶ್ರೀಮದಾಚಾರ್ಯರು ನಿಯತಕರ್ಮವನ್ನು ಮಾಡೆನ್ನುವ ಉಸಿರಿನಲ್ಲಿಯೇ ಉಣ್ಣು, ಅನುಭವಿಸು ಎಂದೂ ಹೇಳಿದ್ದಾರೆ. ಎರಡೂ ಹರಿಯ ಪಾದದಲ್ಲಿ ಬುದ್ಧಿಯನ್ನಿಟ್ಟು ಆಗಬೇಕು, ಅಷ್ಟೆ. ಜೀವನ ಸ್ವರೂಪವೇ ಆನಂದವೆನ್ನುವ ಶಾಸ್ತ್ರವು ಸುಖದ ಹೆಸರು ಕೇಳಿ ಬೆಚ್ಚಬೇಕಾದ ಕಾರಣವಿಲ್ಲ.

ಎರಡನೆಯ ಆಕ್ಷೇಪಕ್ಕೆ ದ್ರೌಪದಿಯೇ ಉತ್ತರ. ಹೂವಿಗೆ ಹಿಗ್ಗಿದ ಅದೇ ದ್ರೌಪದಿಯು ಉದ್ಯೋಗಪರ್ವದಲ್ಲಿ, ಶ್ರೀಕೃಷ್ಣನು ಸಂಧಿಗೆಂದು ಹೊರಟು ನಿಂತಾಗ, ತನ್ನ ಮುಡಿಯನ್ನು ಕೈಯಲ್ಲಿ ಹಿಡಿದು ತೋರಿಸಿ, ದುಃಶಾಸನನು ಎಳೆದ ಈ ಕೂದಲನ್ನು ಮರೆಯಬೇಡವೆಂದು ಕಣ್ಣೀರಿಡುತ್ತಾಳೆ. ಗಂಧಮಾದನದ ಹೂವು ಆಕೆಯ ನೆನಪಿನಿಂದ ಒಂದು ಎಳೆಯನ್ನೂ ಅಳಿಸಿರಲಿಲ್ಲ. ಅಷ್ಟು ವರ್ಷಗಳ ಕಾಲ ಅದನ್ನು ಹೊತ್ತು ನಡೆಯುವ ಶಕ್ತಿ ಆಕೆಗೆ ಎಲ್ಲಿಂದ ಬಂದಿತೆಂದು ಯೋಚಿಸುವಾಗ ಆ ಹೂವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪುರಾಣದ ಮಾತನ್ನು ಇಲ್ಲಿಗೆ ನಿಲ್ಲಿಸಿ, ನಮ್ಮ ಮನೆಯಲ್ಲಿ ನಡೆದುದನ್ನು ಹೇಳಬೇಕಾಗಿದೆ. ಸ್ವಂತದ ಮಾತನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಓದುಗರಲ್ಲಿ ಅನೇಕರ ಮನೆಯ ಕಥೆಯೂ ಇದೇ ಆಗಿರಬಹುದೆಂದು ಧೈರ್ಯಮಾಡಿದ್ದೇವೆ.

2020ನೆಯ ಮಾರ್ಚ್ 25ರಂದು ಯುಗಾದಿ. ಶಾರ್ವರೀ ಸಂವತ್ಸರದ ಮೊದಲ ದಿನ. ದೇಶವೆಲ್ಲ ಬಾಗಿಲು ಹಾಕಿಕೊಂಡದ್ದೂ ಅಂದೇ. ಮುಂಬಯಿಯ ಉಪನಗರದಲ್ಲಿ ಎರಡು ಕೋಣೆಗಳ ನಮ್ಮ ಮನೆ. ಎಂಬತ್ತನ್ನು ಮುಟ್ಟಿದ ತಾಯಿಯವರೂ ಸೇರಿ ಆರು ಜನ. ಊರಿನಿಂದ ಬರಬೇಕಾದ ಪಂಚಾಂಗವು ರೈಲು ನಿಂತದ್ದರಿಂದ ಊರಿನಲ್ಲಿಯೇ ಉಳಿಯಿತು. ವಿಜಾಪುರದಲ್ಲಿದ್ದ ನಮ್ಮ ಅಣ್ಣನವರು ಪುಟಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದರು. ತಾಯಿಯವರು ಕನ್ನಡಕವನ್ನು ಏರಿಸಿಕೊಂಡು, ಆ ಚಿತ್ರಗಳನ್ನು ನೋಡಿ, ಮೊಮ್ಮಗಳ ಹಳೆಯ ನೋಟುಪುಸ್ತಕದಲ್ಲಿ ಇಡೀ ವರ್ಷದ ಏಕಾದಶಿಗಳನ್ನೂ ಹಬ್ಬಗಳನ್ನೂ ಬರೆದುಕೊಂಡರು. ಮಗನ ಸಂಬಳವು ಅರ್ಧವಾಯಿತು; ಮಠಕ್ಕೆ ಹೋಗುವಂತಿಲ್ಲ; ಕೆಳಗಿನ ಅಂಗಡಿಗೆ ಹೋಗುವುದೂ ಸಾಹಸವೇ. ಇಷ್ಟೆಲ್ಲದರ ನಡುವೆ ಆ ನೋಟುಪುಸ್ತಕವು ದೇವರ ಮನೆಯ ಗೂಟಕ್ಕೆ ತೂಗುತ್ತಿತ್ತು. ಮುಗಿದ ದಿನಗಳನ್ನು ತಾಯಿಯವರು ಹೊಡೆದುಹಾಕುತ್ತಿರಲಿಲ್ಲ. ಬರುವ ದಿನಕ್ಕೆ ಮಾತ್ರ ಕುಂಕುಮದ ಬೊಟ್ಟು ಇಡುತ್ತಿದ್ದರು.

ನಾವು ಆಗ ಇದನ್ನು ವೃದ್ಧರ ಕಾಲಕ್ಷೇಪವೆಂದು ತಿಳಿದೆವು. ಮಾರ್ಚ್ 28ರಿಂದ ದೂರದರ್ಶನದಲ್ಲಿ 1987-88ರ ರಾಮಾಯಣವು ಮತ್ತೆ ಬರತೊಡಗಿದಾಗ ಅದಕ್ಕೂ ಬೊಟ್ಟು ಬಿದ್ದಿತು. ಏಕಾದಶಿಯ ಮರುದಿನದ ಪಾರಣೆಗೆ ಅಗಸೆಸೊಪ್ಪು ಸಿಕ್ಕೀತೇ ಎಂಬುದು ನಾಲ್ಕು ದಿನಗಳ ಚರ್ಚೆಯ ವಿಷಯವಾಗುತ್ತಿತ್ತು. ಸಿಕ್ಕದಿದ್ದಾಗಲೂ ಚರ್ಚೆಗೆ ಕೊರತೆಯಿರಲಿಲ್ಲ. ಪ್ರತಿ ವರ್ಷ ಪಂಢರಪುರಕ್ಕೆ ಹೋಗುವ ನೆರೆಮನೆಯವರು, ಆ ಜೂನ್ 30ರಂದು ಜ್ಞಾನೇಶ್ವರ-ತುಕಾರಾಮರ ಪಾದುಕೆಗಳು ಬಸ್ಸಿನಲ್ಲಿ ಹೊರಟುದನ್ನು ಟಿ.ವಿ.ಯಲ್ಲಿ ನೋಡಿ ಅತ್ತರು. ಮುಂದಿನ ವರ್ಷವೂ ಬಸ್ಸಿನಲ್ಲಿಯೇ ಹೋದವು. 2022ರಲ್ಲಿ ದಿಂಡಿ ಮತ್ತೆ ಕಾಲ್ನಡಿಗೆಯಲ್ಲಿ ಹೊರಟಾಗ ಅವರು ಒಂದು ವಾರ ಮೊದಲೇ ಚೀಲ ಕಟ್ಟಿದ್ದರು.

ಚಾತುರ್ಮಾಸ್ಯ ಬಂದಿತು. ಶಾಕವ್ರತದ ತಿಂಗಳಲ್ಲಿ ತರಕಾರಿಯಿಲ್ಲವೆಂದು ಯಾರೂ ಕೊರಗಲಿಲ್ಲ. ಸಂಕಲ್ಪವಿಲ್ಲದೆಯೇ ನಾವು ಏಪ್ರಿಲ್ ತಿಂಗಳಿನಿಂದ ಅದನ್ನು ಬಹುಮಟ್ಟಿಗೆ ಆಚರಿಸುತ್ತಿದ್ದೆವು! ಮೊಸರಿನ ತಿಂಗಳೂ ಕಳೆಯಿತು. ಆದರೆ ಆ ವರ್ಷ ಆಶ್ವೀಜ ಅಧಿಕ. ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರವರೆಗೆ. ಹೀಗಾಗಿ ಚಾತುರ್ಮಾಸ್ಯವು ಐದು ತಿಂಗಳಾಗಿ, ಕ್ಷೀರವ್ರತವು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಎರಡು ತಿಂಗಳು ಹಿಡಿಯಿತು. ತಾಯಿಯವರಿಗೆ ಪ್ರಪಂಚದಲ್ಲಿ ಒಂದೇ ಒಂದು ಚಟವೆಂದರೆ ಬೆಳಗಿನ ಹಾಲು ಹಾಕಿದ ಚಹಾ. ಮಿಕ್ಕ ವರ್ಷಗಳಲ್ಲಿ ಮೂವತ್ತು ದಿನ ತಡೆಯುತ್ತಿದ್ದವರು ಈ ಸಲ ಅರವತ್ತು ದಿನ ತಡೆಯಬೇಕು. ನಿಂಬೆ ಹಿಂಡಿದ ಕರಿ ಚಹಾದ ಲೋಟವನ್ನು ಹಿಡಿದು, “ಇದು ಚಹಾ ಅಲ್ಲ, ಚಹಾದ ಸೂತಕ” ಎಂದು ನಗುತ್ತಿದ್ದರು. ನೋಟುಪುಸ್ತಕದಲ್ಲಿ ಆಶ್ವೀಜ ಶುದ್ಧ ದ್ವಾದಶಿಗೆ ಬಿದ್ದ ಬೊಟ್ಟು ಉಳಿದವುಗಳಿಗಿಂತ ದೊಡ್ಡದಿತ್ತು. ಪ್ರತಿ ಸಂಜೆ ವಿಜಾಪುರದಿಂದ ಅಣ್ಣನವರು ಫೋನು ಮಾಡಿ, “ಅವ್ವಾ, ಇನ್ನ ಎಷ್ಟು ದಿನ ಉಳಿದಾವ?” ಎಂದು ಕೇಳುವುದೂ, ಇವರು ಲೆಕ್ಕ ಹೇಳುವುದೂ ನಡೆದಿತ್ತು.

ಅಧಿಕಮಾಸದ ಎರಡನೆಯ ವಾರದಲ್ಲಿ ಅಣ್ಣನವರು ಹೋದರು. ಜ್ವರ ಬಂದು ಒಂಬತ್ತು ದಿನ. ನಾವು ಯಾರೂ ಹೋಗಲಾಗಲಿಲ್ಲ. ದಹನವನ್ನು ಫೋನಿನ ತೆರೆಯ ಮೇಲೆ ಕಂಡೆವು. ಅದೂ ನಡುವೆ ನಿಂತುಹೋಯಿತು. ಇದಕ್ಕಿಂತ ಹೆಚ್ಚಿಗೆ ಬರೆಯುವುದು ನಮ್ಮಿಂದಾಗದು.

ಸೂತಕ ಕಳೆಯಿತು. ಅಪೂಪದಾನಕ್ಕೆಂದು ತೆಗೆದಿರಿಸಿದ್ದ ಕಂಚಿನ ಪಾತ್ರೆಯನ್ನು ಹಿಂದಕ್ಕೆ ಅಟ್ಟಕ್ಕೇರಿಸಿದೆವು. ಮನೆಯಲ್ಲಿ ಚಹಾದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಮ್ಮ ಮನೆಯವರಂತೂ ನೋಟುಪುಸ್ತಕವನ್ನು ಗೂಟದಿಂದ ತೆಗೆದು ಒಳಗೆ ಇಟ್ಟುಬಿಟ್ಟರು. ಮಗನನ್ನು ಕಳೆದುಕೊಂಡ ತಾಯಿಗೆ, ಮಗನೊಡನೆ ಎಣಿಸುತ್ತಿದ್ದ ದಿನವನ್ನು ನೆನಪಿಸುವುದು ಹೇಗೆ? ವರ್ಷಾಂತದವರೆಗೆ ಹಬ್ಬಗಳಿಲ್ಲವೆಂದೂ ಆಯಿತು. ನವರಾತ್ರಿಯು ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

ಆದರೆ ಏಕಾದಶಿಯು ಹಬ್ಬವಲ್ಲ. ಅದು ಸೂತಕದಲ್ಲಿಯೂ ಬಿಡುವಂಥದಲ್ಲ. ತಾಯಿಯವರು ಆ ಆಶ್ವೀಜದ ಏಕಾದಶಿಯನ್ನು ಎಂದಿನಂತೆ ನಿರ್ಜಲವಾಗಿ ಮಾಡಿದರು. ಮರುದಿನ ಬೆಳಕು ಹರಿಯುವ ಮೊದಲೇ ಅಡಿಗೆಮನೆಯಿಂದ ಅವರ ಧ್ವನಿ ಕೇಳಿಸಿತು: “ಹಾಲು ಬಂದಾವೇನು?”

ಬಂದಿದ್ದವು. ಪಾರಣೆಯಾಯಿತು. ಸೊಸೆಯು ಕೈನಡುಗುತ್ತ ಚಹಾ ಮಾಡಿ ತಂದಳು. ತಾಯಿಯವರು ಒಂದು ಗುಟುಕು ಕುಡಿದರು. “ಶುಂಠಿ ಹಾಕಿಯೇನವ್ವಾ? ಅವಗೂ ಶುಂಠಿ ಹಾಕಿದ್ದಽ ಬೇಕಾಗತಿತ್ತು” ಎಂದರು. ಆಮೇಲೆ ಅತ್ತರು. ಅಣ್ಣನವರು ಹೋದ ಮೇಲೆ ಅವರು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಗೋಡೆಯನ್ನು ನೋಡುತ್ತ ಕುಳಿತಿರುತ್ತಿದ್ದರು. ಅಳುತ್ತಲೇ ಲೋಟವನ್ನು ಖಾಲಿ ಮಾಡಿದರು. ಮತ್ತೆ ಅರ್ಧ ಲೋಟ ಕೇಳಿದರು. ಅಂದಿನಿಂದ ದ್ವಿದಳವ್ರತ, ಮಧ್ಯಾಹ್ನದ ಎಲೆಯಲ್ಲಿ ತೊವ್ವೆಯಿಲ್ಲ. ಚಹಾ ಬಂದಿತು, ತೊವ್ವೆ ಹೋಯಿತು ಎಂದು ಮೊಮ್ಮಗಳು ಹೇಳಿದಾಗ, ಮನೆಯಲ್ಲಿ ಒಂದು ತಿಂಗಳ ಮೇಲೆ ಯಾರೋ ನಕ್ಕರು. ಸಂಜೆ ನೋಡಿದರೆ ನೋಟುಪುಸ್ತಕವು ಮತ್ತೆ ಗೂಟದ ಮೇಲಿತ್ತು.

ಸೌಗಂಧಿಕದ ಕಥೆಯನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದರೂ ಅದರ ಅರ್ಥವು ನಮಗೆ ಅಂದು ಹೊಳೆಯಿತು. ಹೊರಗಿನಿಂದ ನೋಡುವವರು ದುಃಖಿತರಿಗೆ ಸುಖದ ಮಾತೇ ಬೇಡವೆಂದು ಅದನ್ನು ಅಡಗಿಸಿಡುತ್ತಾರೆ. ನಾವು ನೋಟುಪುಸ್ತಕವನ್ನು ಅಡಗಿಸಿದ ಹಾಗೆ. ಅದು ದಯೆಯೇ ನಿಜ, ಆದರೆ ತಿಳಿಗೇಡಿ ದಯೆ. ಭೀಮಸೇನನು ಹಾಗೆ ಮಾಡಲಿಲ್ಲ. ರಾಜ್ಯ ಕಳೆದುಕೊಂಡವಳಿಗೆ ಹೂವೇಕೆಂದು ಕೇಳಲಿಲ್ಲ, ಗದೆಯನ್ನೆತ್ತಿಕೊಂಡು ಹೊರಟ. ಧರ್ಮರಾಜನಾದರೂ ಅಷ್ಟೆ. ನನಗಿಂತ ದುಃಖಿಯಾದ ಅರಸನು ಇದ್ದಾನೆಯೇ ಎಂದು ಅವನು ಕೇಳಿದಾಗ ಬೃಹದಶ್ವಮುನಿಗಳು ಉಪದೇಶಕ್ಕೆ ಕೂಡದೆ ನಳನ ಕಥೆಯನ್ನು ಹೇಳಿದರು. ಕಥೆ ಮುಗಿದ ಮೇಲೆ, ಜೂಜಿನಲ್ಲಿಯೇ ಎಲ್ಲವನ್ನೂ ಕಳೆದುಕೊಂಡವನಿಗೆ ಪಗಡೆಯ ರಹಸ್ಯವನ್ನೂ ಕಲಿಸಿಕೊಟ್ಟು ಹೋದರು. ಮುನಿಗಳಿಗೆ ಮನುಷ್ಯರ ಮನಸ್ಸು ಚೆನ್ನಾಗಿ ತಿಳಿದಿತ್ತು.

ಒಂದು ಮಾತನ್ನು ಸೇರಿಸಬೇಕು. ಎದುರುನೋಡುವ ವಸ್ತುವು ಚಿಕ್ಕದಾಗಿದ್ದಷ್ಟೂ, ಅದಕ್ಕೊಂದು ನಿಶ್ಚಿತವಾದ ತಿಥಿಯಿದ್ದಷ್ಟೂ ಒಳಿತೆಂಬುದು ನಮಗಾದ ಅನುಭವ. ಆ ವರ್ಷ ‘ಎಲ್ಲವೂ ಮೊದಲಿನಂತಾಗುವ ದಿನ’ವನ್ನು ಕಾಯುತ್ತಿದ್ದ ನಮ್ಮ ಮಗನು ದಿನೇ ದಿನೇ ಕುಗ್ಗಿದ, ಏಕೆಂದರೆ ಆ ದಿನಕ್ಕೆ ಯಾವ ಪಂಚಾಂಗದಲ್ಲಿಯೂ ತಿಥಿಯಿರಲಿಲ್ಲ. ಮಹಾರಾಷ್ಟ್ರದ ದೇವಾಲಯಗಳು ಬಾಗಿಲು ತೆರೆದದ್ದು ನವೆಂಬರ್ 16ರಂದು, ದೀಪಾವಳಿಯ ಪಾಡ್ಯದ ದಿನ. ಲೋಕಲ್ ರೈಲಿಗೆ ಎಲ್ಲರೂ ಹತ್ತುವಂತಾದದ್ದು 2021ರ ಫೆಬ್ರುವರಿ 1ರಂದು. ಇವನ್ನು ಮೊದಲೇ ಹೇಳಬಲ್ಲವರು ಯಾರಿದ್ದರು? ದ್ವಾದಶಿಯು ಮಾತ್ರ ಯಾರ ಅಪ್ಪಣೆಗೂ ಕಾಯದೆ ಹದಿನೈದು ದಿನಗಳಿಗೊಮ್ಮೆ ಬರುತ್ತಿತ್ತು. ನಮ್ಮ ಹಿರಿಯರು ವರ್ಷವನ್ನು ಬಿಡುವ ತಿಂಗಳುಗಳಾಗಿಯೂ ಮತ್ತೆ ಪಡೆಯುವ ದಿನಗಳಾಗಿಯೂ ಹಂಚಿಟ್ಟಿರುವುದು ಮೊದಲಿಗೆ ಹರಿಪ್ರೀತಿಗಾಗಿ. ಅದರೊಳಗೆ ಮನುಷ್ಯನಿಗೆ ಇಷ್ಟು ಆಸರೆಯನ್ನೂ ಇಟ್ಟಿದ್ದರೆಂದು ನಾವು ಅರವತ್ತು ದಾಟಿದ ಮೇಲೆ ತಿಳಿದೆವು.

2023ರಲ್ಲಿ ಮತ್ತೆ ಅಧಿಕಮಾಸ ಬಂದಿತು. ಈ ಸಲ ಶ್ರಾವಣ ಅಧಿಕ. ಪಂಚಾಂಗವು ರೈಲಿನಲ್ಲಿಯೇ ಬಂದಿತ್ತು. ತಾಯಿಯವರು ಕನ್ನಡಕವನ್ನೇರಿಸಿ, ಬೆರಳಿನಿಂದ ಸಾಲುಗಳನ್ನು ಹಿಡಿದು ನೋಡಿ, ಶಾಕವ್ರತವೇ ಎರಡು ತಿಂಗಳಾಗುವುದೆಂದು ಖಚಿತಮಾಡಿಕೊಂಡರು. “ಹೋಗಲಿ ಬಿಡ್ರಿ, ಕಾಯಿಪಲ್ಯ ಹೋದರ ಹೋಗವಲ್ದ್ಯಾಕ, ಹಾಲಲ್ಲಲಾ” ಎಂದು ಕುಂಕುಮದ ಭರಣಿಯನ್ನು ತರಹೇಳಿದರು.