ಮಾಗಿಯ ಶಿಬಿರದಲ್ಲಿ ಕಬ್ ಬಾಲಕರು

ಬೇಡನ್ ಪೊವೆಲ್‌ರು ಕಿರಿಯ ಬಾಲಕರಿಗಾಗಿ 1916ರಲ್ಲಿ ಕಬ್ ವಿಭಾಗವನ್ನು ಆರಂಭಿಸಿದರು. ಚೋರನೂರಿನಂಥ ಊರಿನ ಮಕ್ಕಳಿಗೆ ಅಡವಿ ಹೊಸತಲ್ಲ. ಆದರೂ ಮಾಗಿಯ ಶಿಬಿರದಲ್ಲಿ ಕಲಿಸತಕ್ಕದ್ದು ಉಂಟು.

ಮೊದಲನೆಯದು ಬೆಂಕಿ. ಈ ಕಾಲದಲ್ಲಿ ಸಂಡೂರು ಸೀಮೆಯ ಗುಡ್ಡಗಳ ಹುಲ್ಲು ಒಣಗಿರುತ್ತದೆ. ಆದುದರಿಂದ ಶಿಬಿರಾಗ್ನಿಯ ಸುತ್ತಣ ನೆಲವನ್ನು ಕೆರೆದು, ಮರಳನ್ನೂ ನೀರಿನ ಕೊಡವನ್ನೂ ಇಟ್ಟ ಮೇಲೆಯೇ ಕಡ್ಡಿ ಗೀರಬೇಕು. ಬಟ್ಟೆಗೆ ಉರಿ ಹತ್ತಿದರೆ ಓಡಬಾರದು. ಗಾಳಿ ತಾಕಿ ಉರಿ ಹೆಚ್ಚುವುದು. ನಿಂತು, ನೆಲಕ್ಕೆ ಮಲಗಿ, ಮುಖ ಮುಚ್ಚಿಕೊಂಡು ಉರುಳಬೇಕು. ಬಾಯಲ್ಲಿ ಹೇಳಿದರೆ ಸಾಲದು, ಬೆಂಕಿಯಿಲ್ಲದೆಯೇ ಹತ್ತು ಸಲ ಮಾಡಿಸಬೇಕು. ಮಕ್ಕಳು ಆಟವೆಂದೇ ಎಣಿಸುತ್ತಾರೆ, ಎಣಿಸಲಿ!

ದಾರಿ ತಪ್ಪಿದವನು ಅಲೆಯದೆ, ಒಂದು ಮರದಡಿ ನಿಂತು ಮೂರು ಮೂರು ಸಲ ಸೀಟಿ ಊದಲಿ. ಮುಂಜಾವ, ಮುಸ್ಸಂಜೆಗಳಲ್ಲಿ ಕರಡಿ ಮೇವಿಗೆ ಹೊರಡುವುದರಿಂದ, ಆ ಹೊತ್ತಿನಲ್ಲಿ ಯಾವ ಬಾಲಕನನ್ನೂ ಒಂಟಿಯಾಗಿ ಕಳಿಸಲಾಗದು. ಹಿರಿಯರೊಡನೆ, ಗಟ್ಟಿಯಾಗಿ ಮಾತನಾಡುತ್ತ ಹೋಗಬೇಕು.