ಮೀಫಾಳನ್ನು ಉಳಿಸಲಾಗಲಿಲ್ಲ ಎಂದು ಮಗ ಅಳುತ್ತಿದ್ದಾನೆ

ಈ ಬಾರಿ ಬಂದ ಕಾಗದಗಳಲ್ಲಿ ಹಲವು ಒಂದೇ ಹೆಸರನ್ನು ಹೊತ್ತು ಬಂದಿವೆ: ‘ದ ಲೆಜೆಂಡ್ ಆಫ್ ಜೆಲ್ಡಾ’ ವಿಡಿಯೊ ಗೇಮ್ ಸರಣಿಯ ಮೀಫಾ. ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉತ್ತರಗಳಲ್ಲಿ ಕಥೆಯ ಗುಟ್ಟುಗಳು ಬಯಲಾಗುತ್ತವೆ. ಆಟ ಮುಗಿಸದವರು ಈ ಪುಟವನ್ನು ಎತ್ತಿಟ್ಟು ಆಮೇಲೆ ಓದಬಹುದು.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ಅಮೆರಿಕದಿಂದ ಬಂದ ಅವನ ಸೋದರಮಾವ ನಿಂಟೆಂಡೊ ಸ್ವಿಚ್ ತಂದುಕೊಟ್ಟಿದ್ದಾನೆ. ಮೊನ್ನೆ ‘ಬ್ರೆತ್ ಆಫ್ ದ ವೈಲ್ಡ್’ ಆಡುತ್ತಿದ್ದವನು ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅತ್ತ. ಕೇಳಿದರೆ, “ಮೀಫಾ ಸತ್ತುಹೋಗಿದ್ದಾಳಮ್ಮಾ, ನಾನು ಲೇಟಾಗಿ ಹೋದೆ” ಎನ್ನುತ್ತಾನೆ. ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಆಟದ ಗೊಂಬೆಗಾಗಿ ಇಷ್ಟು ಅಳುವುದು ಸಹಜವೇ?
— ಒಬ್ಬ ತಾಯಿ, ಧಾರವಾಡ

ಉತ್ತರ: ಇಲ್ಲದ ವ್ಯಕ್ತಿಗಾಗಿ ಮಗ ಅತ್ತನಲ್ಲಾ, ಅವನ ಮನಸ್ಸು ತೀರಾ ಮೆತ್ತಗೋ ಏನೋ ಎಂಬುದು ನಿಮ್ಮ ಅಳುಕು. ಮೊದಲು ಸಮಾಧಾನ ಮಾಡಿಕೊಳ್ಳಿ. ಯಕ್ಷಗಾನದಲ್ಲಿ ಕರ್ಣನ ಕೊನೆಗಳಿಗೆ ಬಂದಾಗ ಹಿರಿಯರೇ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅವರನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ. ನಿಮ್ಮ ಮಗ ಕಥೆಯನ್ನು ಮನಸ್ಸಿಟ್ಟು ಕೇಳಿದ್ದಾನೆ, ಅಷ್ಟೇ.

ಅವನು ಕಂಡದ್ದೇನು ಎಂಬುದು ನಿಮಗೂ ಗೊತ್ತಿರಲಿ. ಹೈರೂಲ್ ಎಂಬ ಕಲ್ಪಿತ ರಾಜ್ಯದಲ್ಲಿ ಜೋರಾ ಎಂಬ ನೀರಿನ ಜನರಿದ್ದಾರೆ. ಮೈ ಮೀನಿನದು, ಆಯಸ್ಸು ಮನುಷ್ಯರಿಗಿಂತ ಬಹಳ ಹೆಚ್ಚು. ಅವರ ದೊರೆ ಡೊರೆಫಾನ್‌ನ ಮಗಳೇ ಮೀಫಾ. ಮಾತು ಮೆಲ್ಲಗೆ, ಸ್ವಭಾವ ನಾಚಿಕೆಯದು. ಅಂಗೈ ಇಟ್ಟರೆ ಗಾಯ ಮಾಯುತ್ತದೆ, ತ್ರಿಶೂಲ ಹಿಡಿದರೆ ಎದುರಾಳಿಗೆ ಉಳಿವಿಲ್ಲ. ಗ್ಯಾನನ್ ಎಂಬ ದುಷ್ಟಶಕ್ತಿಯ ವಿರುದ್ಧ ನಾಲ್ಕು ದೈತ್ಯ ಯಂತ್ರಗಳನ್ನು ನಡೆಸಲು ಆರಿಸಿದ ಚಾಂಪಿಯನ್‌ಗಳಲ್ಲಿ (ಆಯ್ದ ವೀರರಲ್ಲಿ) ಅವಳೂ ಒಬ್ಬಳು. ಅವಳ ಪಾಲಿಗೆ ಬಂದದ್ದು ಆನೆಯಾಕಾರದ ‘ವಾ ರೂಟಾ’. ಗ್ಯಾನನ್ ಆ ಯಂತ್ರಗಳನ್ನೇ ತನ್ನ ವಶ ಮಾಡಿಕೊಂಡ. ಮೀಫಾ ತನ್ನ ರೂಟಾದೊಳಗೇ ಪ್ರಾಣಬಿಟ್ಟಳು.

ಇದೆಲ್ಲ ನಡೆದದ್ದು ಆಟ ಶುರುವಾಗುವ ನೂರು ವರ್ಷ ಮೊದಲು. ನಾಯಕ ಲಿಂಕ್ ಮಾರಣಾಂತಿಕ ಗಾಯದಿಂದ ಅಷ್ಟೂ ವರ್ಷ ಮಲಗಿದ್ದು, ನೆನಪೆಲ್ಲ ಅಳಿಸಿಹೋಗಿ ಎದ್ದಿದ್ದಾನೆ. ಮೀಫಾ ಯಾರೆಂಬುದೂ ಅವನಿಗೆ ನೆನಪಿಲ್ಲ. ಬೇರೆಯವರ ನೆನಪಿನಿಂದ ಒಂದೊಂದೇ ಚೂರು ಸಿಗುತ್ತಾ, ಅವಳು ಹತ್ತಿರದವಳೆನಿಸುವ ಹೊತ್ತಿಗೆ ಅವಳ ಆತ್ಮ ಎದುರು ಬಂದು ನಿಲ್ಲುತ್ತದೆ. ಈ ಕಥೆ ಹೆಣೆದವರ ಜಾಣ್ಮೆ ಇರುವುದೇ ಇಲ್ಲಿ. ಎಷ್ಟೋ ದೊಡ್ಡವರನ್ನೂ ಇದು ಅಳಿಸಿದೆ.

ನನ್ನ ಗಮನಕ್ಕೆ ಬಿದ್ದದ್ದು ಅವನ ಅಳು ಅಲ್ಲ, “ಲೇಟಾಗಿ ಹೋದೆ” ಎಂಬ ಮಾತು. ಅದರಲ್ಲಿ ದುಃಖದ ಜೊತೆಗೆ ತಪ್ಪಿತಸ್ಥ ಭಾವವೂ ಬೆರೆತಿದೆ. ದುಃಖ ಇರಲಿ ಬಿಡಿ. ತಪ್ಪಿತಸ್ಥ ಭಾವವನ್ನು ಮಾತ್ರ ಬಿಡಿಸಬೇಕು. ಗೇಮ್ ಆಡುವ ಮಕ್ಕಳಿಗೆ ಸೋತರೆ ಮತ್ತೆ ಆಡಿ ಗೆಲ್ಲುವ ಅಭ್ಯಾಸ ಇರುತ್ತದೆ. ಹೇಗೆ ಆಡಿದರೂ ತಿದ್ದಲಾಗದ್ದೊಂದು ಎದುರಾದಾಗ, ತಾನೇ ಏನೋ ತಪ್ಪು ಮಾಡಿದೆ ಎಂದು ಅವರು ತಿಳಿಯುತ್ತಾರೆ. ಸಾಲದ್ದಕ್ಕೆ ಆಟದಲ್ಲಿ ಮೂಜು ಎಂಬ ಮುದುಕ ಮಂತ್ರಿ ಇದ್ದಾನೆ. ಮೀಫಾಳ ಸಾವಿಗೆ ಲಿಂಕ್‌ನೇ ಕಾರಣ ಎಂದು ಮುಖದ ಮೇಲೇ ಅನ್ನುತ್ತಾನೆ. ಲಿಂಕ್‌ನನ್ನು ನಡೆಸುತ್ತಿರುವ ಮಗು ಆ ಮಾತನ್ನು ತನಗೇ ಅಂದಂತೆ ಹಚ್ಚಿಕೊಳ್ಳುತ್ತದೆ.

ಹಾಗಾಗಿ “ಅದು ಬರೀ ಗೇಮ್ ಕಣೋ” ಎನ್ನಬೇಡಿ. ಪಕ್ಕದಲ್ಲಿ ಕೂತು, “ಅವಳ ಕಥೆ ನನಗೂ ಹೇಳು” ಎನ್ನಿ. ಹೇಳುತ್ತಾ ಹೋದಂತೆ, ತಾನು ಎಷ್ಟು ಬೇಗ ಹೋಗಿದ್ದರೂ ಅವಳು ಸಿಗುತ್ತಿರಲಿಲ್ಲ ಎಂಬುದು ಅವನ ಬಾಯಿಂದಲೇ ಬರುತ್ತದೆ. ಮೂಜುವಿನ ಸಿಟ್ಟು ಹೇಗೆ ಇಳಿಯಿತು ಎಂದೂ ಕೇಳಿ. ಮದುವೆಯಾಗುವವನಿಗೆಂದು ಮೀಫಾ ತನ್ನ ಕೈಯಾರೆ ಮಾಡಿಟ್ಟಿದ್ದ ಕವಚ ಲಿಂಕ್‌ನ ಮೈಗೆ ಸರಿಯಾಗಿ ಕೂರುತ್ತದೆ. ಅದನ್ನು ಕಂಡಮೇಲೆ ಮುದುಕನಿಗೆ ಆಡಲು ಮಾತು ಉಳಿಯುವುದಿಲ್ಲ.

ವಯಸ್ಸಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಶ್ರೇಣಿಯಲ್ಲಿ ಈ ಆಟ 10 ವರ್ಷ ದಾಟಿದವರಿಗೆ, ಯುರೋಪಿನಲ್ಲಿ 12 ದಾಟಿದವರಿಗೆ. ನಿಮ್ಮ ಮಗ ಇವೆರಡರ ನಡುವೆ ಇದ್ದಾನೆ, ಆದ್ದರಿಂದ ನೀವು ಆಗಾಗ ಪಕ್ಕದಲ್ಲಿರುವುದು ಒಳ್ಳೆಯದು. ಒಂದು ಹೊತ್ತು ಊಟ ಬಿಟ್ಟರೆ ಗಾಬರಿ ಬೇಡ. ಎರಡು ವಾರ ಕಳೆದರೂ ನಿದ್ದೆ, ಊಟ, ಶಾಲೆ ಹಳಿಗೆ ಬರದಿದ್ದರೆ ಮಾತ್ರ ಮಕ್ಕಳ ವೈದ್ಯರನ್ನು ಕಾಣಿ.

ಪ್ರಶ್ನೆ: ಮೊಮ್ಮಗಳು ಆಡುವ ಆಟದಲ್ಲಿ ಮೀನಿನ ಮೈಯವರು, ಬೆಂಕಿಯಂತೆ ಹೊಳೆಯುವ ಯಂತ್ರದಾನೆ, ಸತ್ತವಳ ಆತ್ಮ ಎಲ್ಲ ಬರುತ್ತವೆ. ಇದು ಮಾಟಮಂತ್ರದ ಕಡೆ ಎಳೆಯುವ ಆಟವೇ? ಮಗ ಸೊಸೆ ನಗುತ್ತಾರೆ. ನನಗೆ ಭಯ.
— ಒಬ್ಬ ಅಜ್ಜಿ, ಶಿರಸಿ

ಉತ್ತರ: ನಿಮ್ಮ ಭಯಕ್ಕೆ ನಗಬೇಕಾದ್ದೇನೂ ಇಲ್ಲ. ಪರದೆಯ ಮೇಲೆ ಕಂಡ ತುಣುಕನ್ನಷ್ಟೇ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸೀತು. ಆದರೆ ಇದರಲ್ಲಿ ಮಾಟವಿಲ್ಲ. ಜಪಾನಿನಲ್ಲಿ 1986ರಲ್ಲಿ ಶುರುವಾದ ಸಾಹಸದ ಕಥಾಸರಣಿ ಇದು. ಮೊದಲ ಆಟ ಮಾಡಿದವರಲ್ಲಿ ಒಬ್ಬರಾದ ಶಿಗೆರು ಮಿಯಾಮೊಟೊ, ಚಿಕ್ಕಂದಿನಲ್ಲಿ ಕ್ಯೋಟೊ ಬಳಿಯ ಗುಡ್ಡ ಕಾಡುಗಳಲ್ಲಿ ಅಲೆದ ಸುಖವೇ ಇದಕ್ಕೆ ಪ್ರೇರಣೆ ಎಂದು ಹೇಳಿಕೊಂಡಿದ್ದಾರೆ.

ಆ ಆನೆ ಜಲಾಶಯದಲ್ಲಿ ನಿಂತು ಬಿಡದೆ ಮಳೆ ಸುರಿಸುತ್ತಿದೆ. ಅಣೆಕಟ್ಟು ತುಂಬಿ ಕೆಳಗಿನ ಊರು ಕೊಚ್ಚಿಹೋಗುವ ಅಪಾಯ. ಅದನ್ನು ನಿಲ್ಲಿಸುವುದೇ ನಿಮ್ಮ ಮೊಮ್ಮಗಳ ಕೆಲಸ. ಒಳಗೆ ಬರುವ ಆತ್ಮ ಹೆದರಿಸಲು ಬಂದದ್ದಲ್ಲ. ನೂರು ವರ್ಷದಿಂದ ಅಲ್ಲಿ ಸಿಕ್ಕಿಕೊಂಡಿದ್ದ ಹುಡುಗಿ, ಬಿಡುಗಡೆಯಾಗುವಾಗ ತನ್ನ ಶಕ್ತಿಯನ್ನು ಲಿಂಕ್‌ಗೆ ಕೊಟ್ಟು ಹೋಗುತ್ತಾಳೆ. ಮೊಮ್ಮಗಳನ್ನು ಕರೆದು, ಆ ಆನೆಯ ಮೇಲೆ ಹತ್ತುವುದು ಹೇಗೆಂದು ತೋರಿಸಲು ಹೇಳಿ. ಕಥೆ ಹೇಳುವ ಸರದಿ ಒಮ್ಮೆ ಅವಳಿಗೂ ಬರಲಿ.

ಪ್ರಶ್ನೆ: ನನಗೆ 13 ವರ್ಷ. ರೂಟಾ ಒಳಗಿನ ರಾಕ್ಷಸ ವಾಟರ್‌ಬ್ಲೈಟ್ ಗ್ಯಾನನ್ ಎಂದರೆ ತುಂಬಾ ಭಯ. ಮೀಫಾಳನ್ನೇ ಕೊಂದದ್ದು ಅದು, ನನ್ನ ಕೈಲಿ ಆಗುತ್ತಾ? ಅರ್ಧಕ್ಕೇ ನಿಲ್ಲಿಸಿದ್ದೇನೆ. ಗೆಳತಿಯರು ಅಂಜುಬುರುಕಿ ಅಂತಾರೆ.
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮೀಫಾಳಂಥವಳೇ ಸೋತ ಕಡೆ ತಾನು ಹೇಗೆ ಗೆಲ್ಲುವುದು ಎಂಬುದು ನಿಮ್ಮ ಪ್ರಶ್ನೆ. ಅದು ಅಂಜುಬುರುಕರ ಪ್ರಶ್ನೆಯಲ್ಲ, ಲೆಕ್ಕ ಹಾಕುವವರ ಪ್ರಶ್ನೆ. ಮೀಫಾ ಅದನ್ನು ಎದುರಿಸಿದ್ದು ಒಬ್ಬಳೇ. ಅಂಥದ್ದೊಂದು ತನ್ನದೇ ಯಂತ್ರದೊಳಗೆ ಬಂದೀತೆಂಬ ಸುಳಿವೂ ಅವಳಿಗಿರಲಿಲ್ಲ. ನಿಮಗೆ ಗೊತ್ತಿದೆ, ಸಿದ್ಧತೆಗೆ ಸಮಯವೂ ಇದೆ.

ಅವಸರವಿಲ್ಲ. ನಾಲ್ಕು ಯಂತ್ರಗಳಿಗೆ ಯಾವ ಕ್ರಮದಲ್ಲಾದರೂ ಹೋಗಬಹುದು. ರೂಟಾ ಒಳಗೆ ಹೋದ ಮೇಲೂ ಹೆದರಿಕೆಯಾದರೆ, ಕಾಳಗ ಶುರುವಾಗುವ ಮೊದಲು ನಕ್ಷೆ ತೆರೆದು ಹೊರಗೆ ಬರಬಹುದು. ಪೂರ್ತಿ ಬಿಟ್ಟೇಬಿಟ್ಟರೆ ಮಾತ್ರ ಅದೇ ರಾಕ್ಷಸ ಕೊನೆಗೆ ಕೋಟೆಯಲ್ಲಿ ಎದುರಾಗುತ್ತದೆ. ಅದಕ್ಕಿಂತ ಇಲ್ಲೇ ಮುಗಿಸುವುದು ಹಗುರ.

ಹೋಗುವ ಮುನ್ನ ‘ಹಾರ್ಟಿ’ ಎಂದು ಹೆಸರಿರುವ ಪದಾರ್ಥಗಳನ್ನು ಬೇಯಿಸಿ ಚೀಲಕ್ಕೆ ಹಾಕಿಕೊಳ್ಳಿ. ಡೂರಿಯನ್ ಹಣ್ಣೊಂದಿದ್ದರೂ ಸಾಕು, ಅದು ಹೃದಯಗಳನ್ನು (ಪ್ರಾಣದ ಅಳತೆ) ಪೂರ್ತಿ ತುಂಬಿ ಮೇಲೊಂದಿಷ್ಟು ಕೊಡುತ್ತದೆ. ಮೊದಲ ಹಂತದಲ್ಲಿ ಅದರ ಈಟಿಯಿಂದ ತಪ್ಪಿಸಿಕೊಂಡು ಕಣ್ಣಿಗೆ ಬಾಣ ಬಿಡಿ. ಎರಡನೇ ಹಂತದಲ್ಲಿ ನೆಲಕ್ಕೆಲ್ಲ ನೀರು ತುಂಬಿ ಅದು ಮಂಜುಗಡ್ಡೆ ಎಸೆಯತೊಡಗುತ್ತದೆ. ಆಗ ಕ್ರಯೋನಿಸ್ (ನೀರನ್ನು ಮಂಜಿನ ಕಂಬ ಮಾಡುವ ಶಕ್ತಿ) ಬಳಸಿ ಆ ಗಡ್ಡೆಗಳನ್ನು ಒಡೆಯಬಹುದು. ಎಷ್ಟೋ ಜನ ಇದು ಗೊತ್ತಿಲ್ಲದೆ ಸುಮ್ಮನೆ ಓಡುತ್ತಾರೆ. ಅಂಜುಬುರುಕಿ ಎಂದ ಗೆಳತಿಯರಲ್ಲಿ ಒಬ್ಬಳನ್ನು ಪಕ್ಕ ಕೂರಿಸಿಕೊಳ್ಳಿ, ಅವಳಿಗೂ ಗೊತ್ತಾಗಲಿ.

ಪ್ರಶ್ನೆ: ಮೀಫಾ ಕೊಡುವ ಶಕ್ತಿಯಿಂದ ಬದುಕಿಕೊಂಡರೆ ಅದು ನಿಜವಾದ ಗೆಲುವಲ್ಲ ಎಂದು ರೂಮ್‌ಮೇಟ್ ಹಂಗಿಸುತ್ತಾನೆ. ಬಿಟ್ಟುಬಿಡಲೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಬಿಡಬೇಕಾಗಿಲ್ಲ. ‘ಮೀಫಾಸ್ ಗ್ರೇಸ್’ (ಮೀಫಾಳ ಕೃಪೆ) ಲಿಂಕ್ ಸಾಯುವ ಕ್ಷಣದಲ್ಲಿ ತಾನಾಗಿಯೇ ಎಬ್ಬಿಸಿ, ಎಲ್ಲ ಹೃದಯಗಳನ್ನು ತುಂಬಿ, ಐದು ಹೆಚ್ಚುವರಿಯನ್ನೂ ಕೊಡುತ್ತದೆ. ಮತ್ತೆ ಸಿದ್ಧವಾಗಲು 24 ನಿಮಿಷ ಬೇಕು. ಉಳಿದ ಮೂವರು ಚಾಂಪಿಯನ್‌ಗಳು ಸಿಡಿಲು, ಗುರಾಣಿ, ಮೇಲಕ್ಕೆತ್ತುವ ಗಾಳಿ ಕೊಡುತ್ತಾರೆ. ಬದುಕಿಸುವ ವರ ಇವಳೊಬ್ಬಳದೇ. ಕಥೆಯಲ್ಲಿ ಅವಳೇ ಕೊಟ್ಟು ಹೋದ ಹಕ್ಕು ಅದು, ಕಳ್ಳದಾರಿಯಲ್ಲ. ಬೇಡವೆನಿಸಿದ ದಿನ ಮುಖ್ಯ ವಸ್ತುಗಳ ಪಟ್ಟಿಗೆ ಹೋಗಿ ಅದನ್ನು ಆಫ್ ಮಾಡಿಡಬಹುದು. ರೂಮ್‌ಮೇಟ್‌ಗಾಗಿ ಆಫ್ ಮಾಡುವ ಅಗತ್ಯವಿಲ್ಲ.

ಪ್ರಶ್ನೆ: ಹೋದ ವರ್ಷ ನಮ್ಮ ದೊಡ್ಡ ಮಗಳು ತೀರಿಕೊಂಡಳು. ಚಿಕ್ಕವಳಿಗೆ ಒಂಬತ್ತು ವರ್ಷ. ಅಕ್ಕನ ಜೊತೆ ಆಡುತ್ತಿದ್ದ ಗೇಮ್ ಅನ್ನೇ ಈಗಲೂ ಆಡುತ್ತಾಳೆ. ಆಡುವುದೂ ಅಲ್ಲ, ಜೋರಾಗಳ ಊರಿಗೆ ಹೋಗಿ ಮೀಫಾಳ ಪ್ರತಿಮೆಯ ಮುಂದೆ ಲಿಂಕ್‌ನನ್ನು ನಿಲ್ಲಿಸಿ ಸುಮ್ಮನೆ ಕೂರುತ್ತಾಳೆ. ನಮ್ಮ ಹತ್ತಿರ ಅಕ್ಕನ ಹೆಸರೆತ್ತುವುದಿಲ್ಲ. ಗೇಮ್ ಕಿತ್ತಿಡಬೇಕೆ?
— ಒಬ್ಬ ತಂದೆ, ಹಾಸನ

ಉತ್ತರ: ಇಬ್ಬರು ಮಕ್ಕಳ ಚಿಂತೆಯನ್ನು ಒಟ್ಟಿಗೆ ಹೊತ್ತಿದ್ದೀರಿ. ಮಗಳು ಒಳಗೊಳಗೇ ಕುಗ್ಗುತ್ತಿದ್ದಾಳೆಯೇ, ಆಟ ಅದನ್ನು ಹೆಚ್ಚಿಸುತ್ತಿದೆಯೇ ಎಂಬುದು ನಿಮ್ಮ ಅಂಜಿಕೆ. ದಯವಿಟ್ಟು ಗೇಮ್ ಕಿತ್ತಿಡಬೇಡಿ. ಮಾತಿನಲ್ಲಿ ಹೇಳಲಾಗದ್ದಕ್ಕೆ ಅವಳೊಂದು ಜಾಗ ಹುಡುಕಿಕೊಂಡಿದ್ದಾಳೆ.

ಅವಳ ಆಯ್ಕೆ ಕುರುಡು ಆಯ್ಕೆಯೂ ಅಲ್ಲ. ಮೀಫಾಳಿಗೆ ಸೈಡನ್ ಎಂಬ ತಮ್ಮನಿದ್ದಾನೆ. ಅಕ್ಕ ಹೋದಾಗ ಅವನು ಪುಟ್ಟ ಮಗು. ಜೋರಾಗಳ ಆಯಸ್ಸು ದೊಡ್ಡದಾದ್ದರಿಂದ ನೂರು ವರ್ಷದ ಮೇಲೂ ಅವನು, ಅಪ್ಪ ಡೊರೆಫಾನ್, ಊರಿನ ಹಿರಿಯರು ಎಲ್ಲ ಇದ್ದಾರೆ, ಅವಳನ್ನು ಕಣ್ಣಾರೆ ಕಂಡವರಾಗಿ. ಹೈರೂಲ್‌ನ ಬೇರೆಡೆ ಆ ದುರಂತ ಹಳೆಯ ಕಥೆಯಾಗಿದೆ. ಈ ಊರಿನಲ್ಲಿ ಮಾತ್ರ ಅದು ಇನ್ನೂ ಮನೆಯ ಸಂಗತಿ. ಬೇರೆಲ್ಲ ಊರುಗಳನ್ನೂ ಬಿಟ್ಟು ನಿಮ್ಮ ಮಗಳು ಇಲ್ಲಿಗೇ ಬರುವುದು ಇದಕ್ಕೇ ಇರಬೇಕು.

ಸೈಡನ್ ನಗುನಗುತ್ತಾ, ಎಲ್ಲರನ್ನೂ ಹುರಿದುಂಬಿಸುತ್ತಾ ಓಡಾಡುವವನು. ಆದರೆ 2023ರಲ್ಲಿ ಬಂದ ಮುಂದಿನ ಆಟ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ನಲ್ಲಿ ಅವನ ಒಳಗು ಕಾಣುತ್ತದೆ. ಮತ್ತೊಬ್ಬರನ್ನು ಕಳೆದುಕೊಂಡೇನೆಂಬ ಹೆದರಿಕೆ ಅವನನ್ನು ಹಿಡಿದು ನಿಲ್ಲಿಸಿರುತ್ತದೆ. ಮದುವೆಯಾಗಲಿರುವ ಯೋನಾ ಅದನ್ನು ಗುರುತಿಸಿ ಬಾಯಿಬಿಟ್ಟು ಹೇಳಿದ ಮೇಲೆಯೇ ಅವನು ಹೆಜ್ಜೆ ಮುಂದಿಡುತ್ತಾನೆ. ನಿಮ್ಮ ಮನೆಯಲ್ಲಿ ಆ ಮಾತನ್ನು ಮೊದಲು ಆಡಬೇಕಾದವರು ನೀವು. ಮಗಳು ಅಕ್ಕನ ಹೆಸರೆತ್ತದಿರುವುದು ಮರೆತು ಅಲ್ಲ, ಅಪ್ಪ ಅಮ್ಮ ಅತ್ತುಬಿಟ್ಟಾರೆಂದು ಇರಬಹುದು. ಎಷ್ಟೋ ಮಕ್ಕಳು ಹಾಗೆ ದೊಡ್ಡವರನ್ನು ಕಾಯುತ್ತಾರೆ.

ಒಂದು ಸಂಜೆ ಅವಳು ಪ್ರತಿಮೆಯ ಮುಂದೆ ಕೂತಾಗ ನೀವೂ ಹೋಗಿ ಕೂತುಕೊಳ್ಳಿ. ಪ್ರಶ್ನೆಗಳ ಸುರಿಮಳೆ ಬೇಡ. “ಅಕ್ಕನಿಗೆ ಈ ಜಾಗ ಇಷ್ಟವಿತ್ತಾ?” ಎಂದಷ್ಟೇ ಕೇಳಿ. ಉತ್ತರ ಬರದಿದ್ದರೂ ಎದ್ದು ಹೋಗಬೇಡಿ. ನಿಮ್ಮ ಕಣ್ಣು ತುಂಬಿದರೆ ಮರೆಮಾಚುವುದೂ ಬೇಡ.

‘ಬ್ರೆತ್ ಆಫ್ ದ ವೈಲ್ಡ್’ನ ಡಿಎಲ್‌ಸಿಯಲ್ಲಿ (ಆಮೇಲೆ ಹಣ ಕೊಟ್ಟು ಸೇರಿಸಿಕೊಳ್ಳುವ ಭಾಗ) ಒಂದು ದೃಶ್ಯವಿದೆ. ಮೀಫಾ ಪುಟ್ಟ ಸೈಡನ್‌ಗೆ ಜಲಪಾತ ಏರುವುದನ್ನು ಕಲಿಸುತ್ತಾ, ತಾನಿಲ್ಲವಾದರೆ ಊರನ್ನು ನೀನು ಕಾಯಬೇಕು ಎನ್ನುತ್ತಾಳೆ. ಮೊದಲು ನೀವೊಬ್ಬರೇ ನೋಡಿ. ಮಗಳಿಗೆ ಆದೀತೆನಿಸಿದರೆ ಜೊತೆಗೆ ಕೂತು ತೋರಿಸಿ. ಹಾಗೆ ತೋರಿಸಿದರೆ, ಅಕ್ಕನ ಜಾಗವನ್ನು ತಾನು ತುಂಬಬೇಕೆಂದೇನೂ ಇಲ್ಲ ಎಂಬುದನ್ನು ಬಿಡಿಸಿ ಹೇಳಿ. ಒಂಬತ್ತು ವರ್ಷದ ಹೆಗಲಿಗೆ ಅದು ಭಾರ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2020ರಲ್ಲಿ ಬಂದ ‘ಏಜ್ ಆಫ್ ಕೆಲಾಮಿಟಿ’ ಎಂಬ ಇನ್ನೊಂದು ಆಟದಲ್ಲಿ ಕಾಲ ಬೇರೆ ದಾರಿ ಹಿಡಿಯುತ್ತದೆ. ದೊಡ್ಡವನಾದ ಸೈಡನ್ ಭವಿಷ್ಯದಿಂದ ಬಂದು, ಸರಿಯಾದ ಹೊತ್ತಿಗೆ ಅಕ್ಕನನ್ನು ಉಳಿಸಿಕೊಳ್ಳುತ್ತಾನೆ. ಅಭಿಮಾನಿಗಳಿಗೆ ಹಬ್ಬ. ನನಗೆ ಕೇಳಿದರೆ, ಮೊದಲ ಕಥೆಯ ಗಟ್ಟಿತನ ಇದಕ್ಕಿಲ್ಲ. ಅದಿರಲಿ, ನಿಮ್ಮ ಮಗಳಿಗೆ ಸದ್ಯಕ್ಕೆ ಇದು ಬೇಡ. ‘ಅವನು ಉಳಿಸಿಕೊಂಡ, ನಾನು ಯಾಕೆ ಉಳಿಸಿಕೊಳ್ಳಲಿಲ್ಲ’ ಎಂಬ ಪ್ರಶ್ನೆ ಅವಳಲ್ಲಿ ಹುಟ್ಟಬಾರದು. ಗೆಳೆಯರ ಮನೆಯಲ್ಲಿ ನೋಡಿಬಿಟ್ಟು ಕೇಳಿದರೆ ನೇರವಾಗಿ ಹೇಳಿ: ಅಕ್ಕನಿಗೆ ಬಂದದ್ದು ಯಾರ ತಪ್ಪೂ ಅಲ್ಲ, ನಿನ್ನದಂತೂ ಅಲ್ಲವೇ ಅಲ್ಲ.

ಅವಳು ಶಾಲೆಗೆ ಹೋಗಲೊಲ್ಲೆ ಎಂದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ತಾನೂ ಅಕ್ಕನ ಹತ್ತಿರ ಹೋಗಬೇಕೆಂಬ ಮಾತಾಡಿದರೆ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಆ ಸಂಖ್ಯೆ ನಿಮಗೂ ನಿಮ್ಮ ಮನೆಯವರಿಗೂ ಇರುವುದೇ. ಮಗಳ ಬಗ್ಗೆ ಇಷ್ಟು ಬರೆದ ನೀವು ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಪ್ರಶ್ನೆ: ರಾಜ ಡೊರೆಫಾನ್ ಉಡುಗೊರೆ ಕೊಟ್ಟ ಮೀಫಾಳ ತ್ರಿಶೂಲ ಕಾಳಗದಲ್ಲಿ ಮುರಿದುಹೋಯಿತು. ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಶಾಶ್ವತವಾಗಿ ಹೋಯಿತೇ?
— ಕಾಲೇಜು ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಹೋಗಿಲ್ಲ, ತಮ್ಮನಿಗೆ ಈಗಲೇ ಹೇಳಿ. ಈ ಆಟದಲ್ಲಿ ಹೆಚ್ಚುಕಡಿಮೆ ಎಲ್ಲ ಆಯುಧವೂ ಬಳಸಿದಷ್ಟು ಸವೆದು ಮುರಿಯುತ್ತದೆ, ಅದರಲ್ಲಿ ನಿಮ್ಮ ತಪ್ಪಿಲ್ಲ. ಜೋರಾಗಳ ಊರಿನಲ್ಲಿ ಡೆಂಟೊ ಎಂಬ ಮುದಿ ಕಮ್ಮಾರನಿದ್ದಾನೆ. ಒಂದು ಜೋರಾ ಈಟಿ, ಐದು ಚಕಮಕಿ ಕಲ್ಲು, ಒಂದು ವಜ್ರ ಒಯ್ದುಕೊಟ್ಟರೆ ಅದೇ ತ್ರಿಶೂಲವನ್ನು ಮತ್ತೆ ಮಾಡಿಕೊಡುತ್ತಾನೆ, ಎಷ್ಟು ಸಲ ಬೇಕಾದರೂ. ಈಟಿ, ಚಕಮಕಿ ಸುಲಭವಾಗಿ ಸಿಗುತ್ತವೆ. ವಜ್ರಕ್ಕಾಗಿ ತಮ್ಮನನ್ನೂ ಜೊತೆಗೆ ಕರೆದುಕೊಂಡು ಬಂಡೆಗಳ ಅದಿರು ಒಡೆಯಲು ಹೊರಡಿ. ಮಾತು ಬಿಟ್ಟವನಾದರೂ ಅದಕ್ಕೆ ಬಂದೇ ಬರುತ್ತಾನೆ.