ಕೆರೆಯ ಸುತ್ತ ಗೋಡೆ ಬೇಕೇ?

ಮಕ್ಕಳೇ, ನಿಮ್ಮೂರ ಕೆರೆಯನ್ನು ನೆನಪಿಸಿಕೊಳ್ಳಿ. ಒಂದು ಕಡೆ ಎತ್ತರದ ಏರಿ ಇರುತ್ತದೆ. ಅದರ ಒಳಮೈಗೆ ಕಲ್ಲು ಹೊದಿಸಿರುತ್ತಾರೆ. ಏಕೆ ಗೊತ್ತೇ? ಅಲೆಗಳು ಬಡಿದು ಮಣ್ಣು ಕೊಚ್ಚಿಹೋದರೆ ಏರಿ ಒಡೆದೀತು. ಆದ್ದರಿಂದ ಆ ಕಲ್ಲು ಬೇಕೇ ಬೇಕು. ಉಳಿದ ಕಡೆಗಳಲ್ಲಿ ನೆಲವು ನಿಧಾನವಾಗಿ ಇಳಿಯುತ್ತಾ ನೀರನ್ನು ಸೇರುತ್ತದೆ. ಅಲ್ಲಿನ ಆಳವಿಲ್ಲದ ನೀರಿನಲ್ಲಿ ಜೊಂಡು ಬೆಳೆಯುತ್ತದೆ.

ಕೆಲವು ಊರುಗಳಲ್ಲಿ ಕೆರೆಯನ್ನು ಚೆಂದ ಮಾಡಲು ಈ ಜೊಂಡನ್ನು ಕಿತ್ತು, ಸುತ್ತಲೂ ನೇರವಾದ ಗೋಡೆ ಕಟ್ಟಿದ್ದಾರೆ. ನೋಡಲು ಅಚ್ಚುಕಟ್ಟು, ನಿಜ. ಆದರೆ ಅದು ಕೆರೆಯಲ್ಲ, ದೊಡ್ಡ ತೊಟ್ಟಿ!

ಏರೋಪ್ಲೇನ್ ಚಿಟ್ಟೆಯನ್ನೇ ತೆಗೆದುಕೊಳ್ಳಿ. ಇದರ ಮರಿ ನೀರಿನೊಳಗೆ ಬೆಳೆಯುತ್ತದೆ, ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ. ರೆಕ್ಕೆ ಮೂಡುವ ಕಾಲ ಬಂದಾಗ ಜೊಂಡಿನ ಕಾಂಡವನ್ನು ಹಿಡಿದು ಮೇಲೇರುತ್ತದೆ. ಬೆನ್ನಿನ ಸಿಪ್ಪೆ ಬಿರಿಯುತ್ತದೆ, ಚಿಟ್ಟೆ ಹೊರಬರುತ್ತದೆ. ಕಾಂಡಕ್ಕೆ ಅಂಟಿದ ಖಾಲಿ ಸಿಪ್ಪೆಯನ್ನು ನೀವೂ ನೋಡಿರಬಹುದು. ಗೊದಮೊಟ್ಟೆಗಳು ಬೆಳೆಯುವುದೂ ಇಂಥ ಅಂಚಿನಲ್ಲೇ. ಬಾಲ ಕಳೆದುಕೊಂಡ ಪುಟ್ಟ ಕಪ್ಪೆ ನೇರ ಗೋಡೆಯನ್ನು ಹತ್ತಿ ದಡ ಸೇರುವುದು ಹೇಗೆ? ಜಂಬುಕೋಳಿ ಗೂಡು ಕಟ್ಟುವುದು ಎಲ್ಲಿ?

ಜೊಂಡು ನೀರನ್ನೂ ಶುಚಿ ಮಾಡುತ್ತದೆ. ಒತ್ತಾಗಿ ನಿಂತ ಕಾಂಡಗಳ ನಡುವೆ ನೀರಿನ ವೇಗ ತಗ್ಗಿ, ಹೂಳು ತಳಕ್ಕೆ ಕೂರುತ್ತದೆ. ಕಾಂಡಗಳ ಮೇಲಿನ ಲೋಳೆಯಲ್ಲಿರುವ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಸಾರಜನಕ, ರಂಜಕದ ಲವಣಗಳನ್ನು ಬೇರುಗಳು ಹೀರುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯನ್ನು ಅಭಿವೃದ್ಧಿ ಮಾಡುವಾಗ ಈ ಗುಣವನ್ನೇ ಬಳಸಿಕೊಂಡರು. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡಿನ ಜೌಗನ್ನು ಹಾದು ಕೆರೆ ಸೇರುವಂತೆ ಮಾಡಲಾಯಿತು. ಅದೇ ನಗರದ ಬೆಳ್ಳಂದೂರು ಕೆರೆಗೆ ಕೊಳಚೆ ನೇರವಾಗಿ ಹರಿದು ಏನಾಯಿತು? 2015ರಲ್ಲಿ ಅಲ್ಲಿನ ನೊರೆಗೆ ಬೆಂಕಿಯೇ ಹತ್ತಿಕೊಂಡಿತು!

ಹಾಳಾದ ಅಂಚನ್ನು ಮತ್ತೆ ಬೆಳೆಸಬಹುದು. ದಡದ ಮಣ್ಣನ್ನು ಇಳಿಜಾರು ಮಾಡಿ, ಮಳೆಗಾಲದ ಆರಂಭದಲ್ಲಿ ಹತ್ತಿರದ ಕೆರೆಯಿಂದ ತಂದ ಜೊಂಡಿನ ಗಡ್ಡೆಗಳನ್ನು ನೆಡಬೇಕು. ಹಾಗೆಂದು ಕೆರೆ ತುಂಬ ಜೊಂಡೇ ಆಗಬಾರದು. ಅದು ಅಲ್ಲೇ ಕೊಳೆತರೆ ಹೀರಿದ ಲವಣಗಳು ಮತ್ತೆ ನೀರಿಗೇ ಸೇರುತ್ತವೆ. ಹಿಂದೆ ಚಾಪೆ ಹೆಣೆಯಲು ಜೊಂಡು ಕೊಯ್ಯುತ್ತಿದ್ದರಲ್ಲ, ಅದರಿಂದ ಕೆರೆಗೂ ಲಾಭವಿತ್ತು.

ಮಾಡಿ ನೋಡಿ: ಶಿಕ್ಷಕರ ಜೊತೆ ಕೆರೆಗೆ ಹೋಗಿ. ನೀರಿಗೆ ಇಳಿಯಬೇಡಿ. ಜೊಂಡಿನ ಒಂದು ಎಲೆಯನ್ನು ಅಡ್ಡಲಾಗಿ ಕತ್ತರಿಸಿಕೊಡಲು ಶಿಕ್ಷಕರನ್ನು ಕೇಳಿ, ಭೂತಗನ್ನಡಿಯಲ್ಲಿ ನೋಡಿ. ಜೇನುಗೂಡಿನಂತೆ ಪುಟ್ಟ ಕೋಣೆಗಳು ಕಾಣುತ್ತವೆ. ಕೆಸರಿನಲ್ಲಿ ಹೂತ ಬೇರಿಗೆ ಗಾಳಿ ಇಳಿಯುವ ದಾರಿ ಇದೇ. ಅದರ ಚಿತ್ರ ಬರೆಯಿರಿ.